ಚಿತ್ತವೈದ್ಯ ಡಾ. ಎಂ. ವಿ. ಗೋವಿಂದಸ್ವಾಮಿ

ಕಣ್ಣಿಗೆ ಕಾಣುವ ವ್ರಣಕ್ಕೆ ಮದ್ದು ಹಚ್ಚಿದ ವೈದ್ಯನನ್ನು ಲೋಕವು ಬೇಗನೆ ನೆನೆಯುತ್ತದೆ. ಕಾಣದ ಚಿತ್ತದ ವ್ಯಾಧಿಗಾಗಿ ಆಯುಷ್ಯವನ್ನು ಸವೆಸಿದವನ ಹೆಸರು ಜನದ ನಾಲಗೆಯ ಮೇಲೆ ನಿಲ್ಲುವುದು ವಿರಳ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಹೆಸರು ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಹಳ್ಳಿಗೂ ಪರಿಚಿತವಾಗಿದೆ. ಊರಿನಲ್ಲಿ ಯಾರಿಗಾದರೂ ಬುದ್ಧಿ ಪಲ್ಲಟವಾದರೆ ಬಂಧುಗಳ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅದೂ ಒಂದು. ಆದರೆ ಆ ಮಹಾವೃಕ್ಷದ ಬೇರಿಗೆ ನೀರೆರೆದ ಡಾ. ಎಂ. ವಿ. ಗೋವಿಂದಸ್ವಾಮಿಯವರನ್ನು ಬಲ್ಲವರು ಕೆಲವರೇ.

ಗೋವಿಂದಸ್ವಾಮಿಯವರು ಜನಿಸಿದ್ದು ೧೯೦೪ರಲ್ಲಿ. ಅವರಿನ್ನೂ ಅಕ್ಷರಾಭ್ಯಾಸದ ವಯಸ್ಸಿನಲ್ಲಿದ್ದಾಗಲೇ, ಅವರ ಮುಂದಿನ ಬಾಳನ್ನು ತುಂಬಲಿದ್ದ ವ್ಯಾಧಿಗೆ ದೂರದ ಯುರೋಪಿನಲ್ಲಿ ನಾಮಕರಣವಾಯಿತು. ೧೯೦೮ರಲ್ಲಿ ಯೂಜೆನ್ ಬ್ಲಾಯ್ಲರ್ ಎಂಬ ಪಂಡಿತ ವೈದ್ಯನು ಅದನ್ನು ಸ್ಕಿಜೋಫ್ರೇನಿಯಾ ಎಂದು ಕರೆದನು. ಕನ್ನಡದಲ್ಲಿ ಅದಕ್ಕೆ ಛಿದ್ರಮನಸ್ಕತೆ, ಚಿತ್ತವಿಕಲತೆ ಎಂಬ ಹೆಸರುಗಳು ಬಂದಿವೆ. ಇವುಗಳಲ್ಲಿ ಮೊದಲನೆಯದು ಮೂಲಪದದ ಅಕ್ಷರಶಃ ಅನುವಾದವೇ ಆದರೂ, ಒಬ್ಬನೊಳಗೆ ಇಬ್ಬರು ಮನುಷ್ಯರಿದ್ದಾರೆಂಬ ಅಪಾರ್ಥಕ್ಕೆ ಎಡೆಗೊಡುತ್ತದೆ. ಆದಕಾರಣ ಚಿತ್ತವಿಕಲತೆಯೇ ಮೇಲು. ಯಾರೂ ಮಾತನಾಡದಿದ್ದರೂ ಕಿವಿಯಲ್ಲಿ ಮಾತು ಕೇಳುವುದು, ನೆರೆಹೊರೆಯವರೆಲ್ಲ ತನ್ನ ವಿರುದ್ಧ ಒಳಸಂಚು ಹೂಡಿದ್ದಾರೆಂಬ ಅಚಲವಾದ ನಂಬಿಕೆ, ಆಲೋಚನೆಯ ಎಳೆಗಳು ಕಡಿದುಹೋಗುವುದು, ಬರಬರುತ್ತ ಸ್ನಾನ ಊಟಗಳ ಪರಿವೆಯನ್ನೂ ಬಿಟ್ಟು ಮೂಲೆ ಹಿಡಿಯುವುದು ಇದರ ಲಕ್ಷಣಗಳು. ಸರಿಸುಮಾರು ನೂರು ಮಂದಿಯಲ್ಲಿ ಒಬ್ಬರನ್ನು ಬಾಳಿನಲ್ಲಿ ಒಮ್ಮೆ ಇದು ಹಿಡಿಯುತ್ತದೆಂದು ವೈದ್ಯರ ಲೆಕ್ಕ. ಅದೂ ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ. ಓದು ಮುಗಿಸಿ ಮನೆಗೆ ಆಸರೆಯಾಗಬೇಕಾದ ಮಗ, ಮದುವೆಗೆ ಬಂದ ಮಗಳು ಇದರ ಪಾಲಾಗುತ್ತಾರೆ. ಮನೆಮಂದಿ ಗಾಳಿ ಸೋಕಿದೆ ಎನ್ನುತ್ತಾರೆ, ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ಹೆತ್ತ ತಾಯಿಯ ಪಾಪವೆಂದು ಆಡಿಕೊಳ್ಳುವ ನಾಲಗೆಗಳಿಗೂ ಕೊರತೆಯಿಲ್ಲ.

ಗೋವಿಂದಸ್ವಾಮಿಯವರ ವಿದ್ಯಾಭ್ಯಾಸದ ಒಂದು ವೈಶಿಷ್ಟ್ಯವನ್ನು ಇಲ್ಲಿಯೇ ಹೇಳಬೇಕು. ಅವರು ತತ್ತ್ವಶಾಸ್ತ್ರ ಮನಶ್ಶಾಸ್ತ್ರಗಳ ವ್ಯಾಸಂಗದಿಂದ ವೈದ್ಯಕ್ಕೆ ಬಂದವರು. ದೇಹವನ್ನು ಸೀಳಿ ನೋಡುವ ವಿದ್ಯೆಗಿಂತ ಮೊದಲು ಮನಸ್ಸೆಂದರೇನೆಂಬ ಪ್ರಶ್ನೆ ಅವರನ್ನು ಹಿಡಿದಿತ್ತು. ಮುಂದೆ ಮೈಸೂರು ಸಂಸ್ಥಾನದ ನೆರವಿನಿಂದ ಪರದೇಶಕ್ಕೆ ತೆರಳಿ, ಲಂಡನ್ನಿನಲ್ಲಿಯೂ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ಮನೋವೈದ್ಯವನ್ನು ಕಲಿತರು. ಬಾಲ್ಟಿಮೋರಿನಲ್ಲಿ ಅವರ ಗುರು ಅಡಾಲ್ಫ್ ಮೇಯರ್. ರೋಗಿಯ ಮಿದುಳನ್ನು ಮಾತ್ರವಲ್ಲ, ಅವನ ಬಾಳಿನ ಸಮಸ್ತ ವೃತ್ತಾಂತವನ್ನೂ ವರ್ಷವರ್ಷದ ಕ್ರಮದಲ್ಲಿ ಬರೆದಿಡಬೇಕು, ಆಗಲೇ ವ್ಯಾಧಿಯ ಅರ್ಥ ತಿಳಿಯುವುದೆಂಬುದು ಆ ಗುರುವಿನ ಮತ. ಶಿಷ್ಯನಿಗೆ ಈ ಪಾಠ ಕೊನೆಯವರೆಗೂ ಮರೆಯಲಿಲ್ಲ.

ಆ ಕಾಲದ ಬೆಂಗಳೂರಿನ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾಗಿದ್ದ ಅಲ್ಲಿನ ಹುಚ್ಚಾಸ್ಪತ್ರೆಯನ್ನು ಮೈಸೂರು ಸರ್ಕಾರವು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಪುನರ್ನಾಮಕರಣ ಮಾಡಿತ್ತು. ಹೆಸರು ಬದಲಾದ ಮಾತ್ರಕ್ಕೆ ಏನಾಗುತ್ತದೆ ಎನ್ನುವವರುಂಟು. ಆದರೆ ಒಂದು ಮನೆಯ ಬಾಗಿಲಿನ ಮೇಲೆ ಆಸ್ಪತ್ರೆಯೆಂದು ಬರೆದ ಮೇಲೆ ಅದರೊಳಗಿರುವವನು ಕೈದಿಯಾಗಿ ಉಳಿಯಲಾರನು. ಫ್ರಾಂಕ್ ನರೋನ್ಹಾ ಅವರು ಅದರ ಮುಖ್ಯಸ್ಥರಾಗಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ ಊರ ಹೊರಗಿನ ವಿಶಾಲವಾದ ಆವರಣದಲ್ಲಿ ಹೊಸ ಕಟ್ಟಡಗಳನ್ನು ಎಬ್ಬಿಸಿದರು. ಅವರ ತರುವಾಯ, ೧೯೩೦ರ ದಶಕದ ಕೊನೆಯಲ್ಲಿ, ಆ ಆಸ್ಪತ್ರೆಯ ಹೊಣೆ ಗೋವಿಂದಸ್ವಾಮಿಯವರ ಹೆಗಲಿಗೆ ಬಂದಿತು. ಮೂವತ್ತು ದಾಟಿದ ಪ್ರಾಯ. ಕೈಗೆ ಬಂದದ್ದು ನೂರಾರು ರೋಗಿಗಳು. ಅವರನ್ನು ಗುಣಪಡಿಸಲು ಭರವಸೆಯ ಔಷಧ ಒಂದೂ ಇರಲಿಲ್ಲ.

ಚಿತ್ತವಿಕಲತೆಗೆ ಆಗಿನ ಜಗತ್ತಿನಲ್ಲಿ ಇದ್ದ ಚಿಕಿತ್ಸೆಗಳು ಎಂಥವು? ವಿಯೆನ್ನಾದ ಮ್ಯಾನ್‌ಫ್ರೆಡ್ ಸಾಕೆಲ್ ರೋಗಿಗೆ ಇನ್ಸುಲಿನ್ ಚುಚ್ಚಿ, ರಕ್ತದ ಸಕ್ಕರೆಯನ್ನು ತಗ್ಗಿಸಿ, ಗಾಢವಾದ ಮೂರ್ಛೆಗೆ ದೂಡಿ, ಮತ್ತೆ ಸಕ್ಕರೆಯನ್ನು ಕೊಟ್ಟು ಎಚ್ಚರಿಸುವ ವಿಧಾನವನ್ನು ಹೂಡಿದ್ದನು. ಬುಡಾಪೆಸ್ಟಿನ ಲಾಡಿಸ್ಲಾಸ್ ಮೆದುನಾ ೧೯೩೪ರಲ್ಲಿ ಇನ್ನೊಂದು ದಾರಿ ಹಿಡಿದನು. ಅಪಸ್ಮಾರಕ್ಕೂ ಚಿತ್ತವಿಕಲತೆಗೂ ಪರಸ್ಪರ ವೈರವಿದೆಯೆಂದು ಅವನ ಊಹೆ. ಆದುದರಿಂದ ಮೊದಲು ಕರ್ಪೂರದಿಂದಲೂ ಬಳಿಕ ಕಾರ್ಡಿಯಾಜೋಲ್ ಎಂಬ ದ್ರವ್ಯದಿಂದಲೂ ಕೃತಕವಾಗಿ ಸೆಳವು ಬರಿಸತೊಡಗಿದನು. ಸೆಳವಿಗೆ ಮುಂಚಿನ ಕೆಲವು ಕ್ಷಣಗಳ ಭೀತಿ ಅಸಹನೀಯವಾಗಿತ್ತೆಂದೂ, ಸೆಳವಿನ ರಭಸಕ್ಕೆ ಬೆನ್ನೆಲುಬಿನ ಮೂಳೆಗಳು ಮುರಿಯುತ್ತಿದ್ದುವೆಂದೂ ಅಂದಿನ ವೈದ್ಯಕೀಯ ಬರಹಗಳಿಂದ ತಿಳಿಯುತ್ತದೆ. ಈ ಚಿಕಿತ್ಸೆಗಳನ್ನು ಗೋವಿಂದಸ್ವಾಮಿಯವರು ಬೆಂಗಳೂರಿಗೆ ತಡಮಾಡದೆ ತಂದರು. ಕಾರ್ಡಿಯಾಜೋಲ್ ಚಿಕಿತ್ಸೆಯ ಫಲವನ್ನು ಕುರಿತ ಅವರ ಬರಹ ೧೯೩೯ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಕು ಕಂಡಿತು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಆರಂಭಿಸಿದ್ದ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನೂ ಶಸ್ತ್ರವೈದ್ಯ ಬಾಲಕೃಷ್ಣರಾಯರ ಸಹಯೋಗದಲ್ಲಿ ನಡೆಸಿ, ೧೯೪೪ರಲ್ಲಿ ಅದೇ ಪತ್ರಿಕೆಯಲ್ಲಿ ವರದಿ ಮಾಡಿದರು.

ಇಂದಿನ ಓದುಗನಿಗೆ ಇದನ್ನೋದಿ ಮೈ ನಡುಗಿದರೆ ಅದು ಸಹಜವೇ. ಆ ಶಸ್ತ್ರಕ್ರಿಯೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಕೈಬಿಟ್ಟುಹೋಯಿತು. ಅದಕ್ಕೆ ಒಳಗಾದ ಅನೇಕರು ಶಾಂತರಾದರೂ, ಆ ಶಾಂತಿ ಉತ್ಸಾಹವನ್ನೂ ಮಮತೆಯನ್ನೂ ತೆತ್ತು ಕೊಂಡ ಶಾಂತಿಯಾಗಿತ್ತು. ಮಹನೀಯರ ಚರಿತ್ರೆ ಬರೆಯುವಾಗ ಇಂಥ ಪುಟವನ್ನು ಮಡಿಚಿಡುವುದು ವಾಡಿಕೆ. ಅದು ಸತ್ಯಕ್ಕೆ ಸಲ್ಲುವ ಮರ್ಯಾದೆಯಲ್ಲ. ಹಾಗೆಯೇ ಅವರು ನಿಂತ ನೆಲೆಯನ್ನು ಮರೆತು ತೀರ್ಪು ಕೊಡುವುದೂ ನ್ಯಾಯವಲ್ಲ. ಒಂದು ಕಡೆ ಆಜನ್ಮ ಬಂಧನ, ಇನ್ನೊಂದು ಕಡೆ ಅಪಾಯದ ಚಿಕಿತ್ಸೆ. ನಡುವೆ ಮೂರನೆಯ ದಾರಿ ಇರಲಿಲ್ಲ. ಅದೇ ವರ್ಷಗಳಲ್ಲಿ, ೧೯೩೯ರಿಂದ ೧೯೪೧ರೊಳಗೆ, ವಿದ್ಯೆಗೆ ಹೆಸರಾದ ಜರ್ಮನಿಯಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಮನೋರೋಗಿಗಳನ್ನೂ ಅಂಗವಿಕಲರನ್ನೂ ಸರ್ಕಾರವೇ ಕೊಲ್ಲಿಸಿತೆಂಬುದನ್ನು ನೆನೆದರೆ, ಬೆಂಗಳೂರಿನ ಈ ವೈದ್ಯರು ರೋಗಿಯನ್ನು ಗುಣವಾಗಬಲ್ಲ ಮನುಷ್ಯನೆಂದು ಎಣಿಸಿದ್ದರ ಬೆಲೆ ತಿಳಿಯುತ್ತದೆ. ಜರ್ಮನಿಯನ್ನು ತೊರೆದುಬಂದ ಪ್ರಸಿದ್ಧ ಮನೋವೈದ್ಯ ವಿಲ್ಲಿ ಮೇಯರ್-ಗ್ರಾಸ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬೆಂಗಳೂರಿಗೆ ಬಂದು ಗೋವಿಂದಸ್ವಾಮಿಯವರ ಕಾರ್ಯಕ್ಕೆ ನೆರವಾದದ್ದು ಕಾಲದ ಒಂದು ವಿಚಿತ್ರ ತಿರುವು.

ವ್ಯಾಧಿಯ ಬೀಡು ಎಲ್ಲಿ ಎಂಬ ಪ್ರಶ್ನೆ ಅವರನ್ನು ಸದಾ ಕಾಡಿರಬೇಕು. ೧೯೪೯ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಭಾರತೀಯ ದರ್ಶನಗಳನ್ನೂ ಆಯುರ್ವೇದವನ್ನೂ ಮನೋವೈದ್ಯದ ದೃಷ್ಟಿಯಿಂದ ಸಂಶೋಧಿಸಬೇಕಾದ ಅಗತ್ಯವನ್ನು ಪ್ರತಿಪಾದಿಸಿದರು. ಇದು ಹಳೆಯದನ್ನು ಹೊಗಳುವ ಹಂಬಲವಲ್ಲ. ಚರಕಸಂಹಿತೆಯು ಉನ್ಮಾದವನ್ನು ವಾತಜ, ಪಿತ್ತಜ, ಕಫಜ, ಸನ್ನಿಪಾತಜ, ಆಗಂತುಜ ಎಂದು ಐದು ಬಗೆಯಾಗಿ ವಿಂಗಡಿಸಿ, ನಿದಾನ ಚಿಕಿತ್ಸೆಗಳನ್ನು ಪ್ರತ್ಯೇಕವಾಗಿ ನಿರೂಪಿಸುತ್ತದೆ. ಭೇಲಸಂಹಿತೆಯಂತೂ ಮನಸ್ಸಿನ ನೆಲೆ ಶಿರಸ್ಸಿಗೂ ಅಂಗುಳಿಗೂ ನಡುವೆ ಎಂದು ಹೇಳುತ್ತದೆ. ಇದನ್ನು ಹಿಡಿದುಕೊಂಡು ಇಂದಿನ ನರವಿಜ್ಞಾನವೆಲ್ಲ ಋಷಿಗಳಿಗೆ ಮೊದಲೇ ಗೊತ್ತಿತ್ತೆಂದು ಸಾರುವುದು ಪಾಂಡಿತ್ಯವಲ್ಲ, ಬರಿಯ ಜಂಬ. ಉನ್ಮಾದವನ್ನು ಕೇವಲ ದೈವಕೋಪವೆಂದು ಕೈಚೆಲ್ಲದೆ ನಿದಾನವುಳ್ಳ ವ್ಯಾಧಿಯೆಂದು ಕಂಡದ್ದೇ ಆ ಗ್ರಂಥಗಳ ಹಿರಿಮೆ. ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿದ ಅನುಭವವನ್ನು ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವಂಗವೈದ್ಯರು ೧೯೩೧ರಲ್ಲಿಯೇ ಪ್ರಕಟಿಸಿದ್ದರು. ಪಾಶ್ಚಾತ್ಯರು ಅದರತ್ತ ಕಣ್ಣೆತ್ತಿ ನೋಡಿದ್ದು ಇಪ್ಪತ್ತು ವರ್ಷಗಳ ಮೇಲೆ. ಗೋವಿಂದಸ್ವಾಮಿಯವರ ಆಗ್ರಹಕ್ಕೆ ಇಂಥ ಆಧಾರವಿತ್ತು.

ಭೋರ್ ಸಮಿತಿಯು ೧೯೪೬ರಲ್ಲಿ ಕೊಟ್ಟ ವರದಿಯು ದೇಶದ ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನು ಬಯಲಿಗಿಟ್ಟು, ಮನೋವೈದ್ಯರನ್ನು ತರಬೇತು ಮಾಡುವ ಕೇಂದ್ರಗಳು ಬೇಕೆಂದಿತು. ಅದರ ಫಲವಾಗಿ ೧೯೫೪ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಮಗ್ಗುಲಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. ಮರುವರ್ಷವೇ ಮನೋವೈದ್ಯದಲ್ಲಿಯೂ ವೈದ್ಯಕೀಯ ಮನಶ್ಶಾಸ್ತ್ರದಲ್ಲಿಯೂ ತರಗತಿಗಳು ಆರಂಭವಾದವು. ಒಂದೇ ಸೂರಿನಡಿ ಮನೋವೈದ್ಯನೂ ಮನಶ್ಶಾಸ್ತ್ರಜ್ಞನೂ ನರಶಸ್ತ್ರವೈದ್ಯನೂ ಕೂಡಿ ದುಡಿಯಬೇಕೆಂಬುದು ಆ ಸಂಸ್ಥೆಯ ಮೊದಲಿನ ಸಂಕಲ್ಪ. ಇಷ್ಟರಲ್ಲಿ ೧೯೫೨ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಗುಣವನ್ನು ಕಂಡುಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಇನ್ಸುಲಿನ್ನಿನ ಮೂರ್ಛೆ ಹಿಂದೆ ಸರಿಯಿತು. ಗುಳಿಗೆ ನುಂಗಿ ಮನೆಗೆ ಮರಳುವ ಕಾಲ ಬಂದಿತು.

ಗೋವಿಂದಸ್ವಾಮಿಯವರ ಬಾಳಿನ ಸಂಧ್ಯೆಯಲ್ಲಿ, ಅವರ ಪ್ರಶ್ನೆಗೆ ನಿಕಟವಾದ ಒಂದು ಸುದ್ದಿ ಬೇರೆ ದಿಕ್ಕಿನಿಂದ ಬಂದಿತು. ಅಮೆರಿಕದ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯನು ೧೯೫೩ರಲ್ಲಿ ಅಪಸ್ಮಾರಪೀಡಿತನಾದ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ಯುವಕನ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆದನು. ಸೆಳವು ತಗ್ಗಿತು; ಆದರೆ ಆ ಯುವಕ ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಯಾವುದನ್ನೂ ನೆನಪಿನಲ್ಲಿ ಇಡಲಾರದವನಾದನು. ಸ್ಕೋವಿಲ್ಲನೂ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯೂ ೧೯೫೭ರಲ್ಲಿ ಇದನ್ನು ಪ್ರಕಟಿಸಿದಾಗ ಪರೀಕ್ಷಿಸಿದ್ದು ಹತ್ತು ಮಂದಿಯನ್ನು. ಅವರಲ್ಲಿ ಹೆಚ್ಚಿನವರು ಮನೋರೋಗಿಗಳು. ಆ ಶಸ್ತ್ರಕ್ರಿಯೆಯನ್ನು ಮೊದಲು ಹೂಡಿದ್ದು ಅವರ ಮೇಲೆಯೇ. ಅವರ ಮಾತು ಮೊದಲೇ ಅಸ್ತವ್ಯಸ್ತವಾಗಿದ್ದುದರಿಂದ, ನೆನಪು ಹೋದದ್ದನ್ನು ಯಾರೂ ಗಮನಿಸಿರಲಿಲ್ಲ! ಹುಚ್ಚನೆನಿಸಿಕೊಂಡವನ ನಷ್ಟ ಲೆಕ್ಕಕ್ಕೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಡ.

ಹಿಪೊಕ್ಯಾಂಪಸ್ ಎಂದರೆ ಗ್ರೀಕರ ಮಾತಿನಲ್ಲಿ ಸಮುದ್ರಕುದುರೆ. ಹದಿನಾರನೆಯ ಶತಮಾನದಲ್ಲಿ ಬೊಲೋನ್ಯಾದ ಶಾರೀರಶಾಸ್ತ್ರಜ್ಞ ಅರಾಂಜಿಯು ಅದರ ಬಾಗಿದ ಆಕಾರವನ್ನು ಕಂಡು ಇಟ್ಟ ಹೆಸರಿದು. ಕಪೋಲದ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಿರುಬೆರಳಷ್ಟು ಗಾತ್ರದಲ್ಲಿ ಅಡಗಿದೆ. ನಿಜಾಮರ ಕಾಲದಲ್ಲಿ ಈ ಸೀಮೆಯ ಊರೂರಿಗೂ ಒಬ್ಬ ಕುಲಕರ್ಣಿಯಿದ್ದು, ಯಾವ ಹೊಲ ಯಾರದು, ಯಾವ ವರ್ಷ ಏನು ಬೆಳೆಯಿತೆಂಬುದನ್ನು ದಫ್ತರದಲ್ಲಿ ಬರೆದಿಡುತ್ತಿದ್ದ. ಮಿದುಳಿನಲ್ಲಿ ಹಿಪೊಕ್ಯಾಂಪಸ್ಸಿನ ಕೆಲಸ ಅದಕ್ಕೆ ಹೋಲುತ್ತದೆ: ಇದು ಎಲ್ಲಿ ನಡೆಯಿತು, ಎಂದು ನಡೆಯಿತು, ಯಾವುದರ ಜೊತೆ ನಡೆಯಿತು ಎಂದು ಅನುಭವಗಳನ್ನು ಕೂಡಿಸಿ ಬರೆಯುವುದು. ದಫ್ತರ ಕೆಟ್ಟರೆ ಒಬ್ಬನ ಹೊಲ ಇನ್ನೊಬ್ಬನ ಹೆಸರಿಗೆ ಬೀಳುವಂತೆ, ಈ ಅಂಗ ಕೆಟ್ಟರೆ ದಾರಿಹೋಕನ ಕೆಮ್ಮು ತನಗೆ ಕೊಟ್ಟ ಸಂಕೇತವಾಗಿ ತೋರಬಹುದು, ಒಳಗಿನ ಆಲೋಚನೆ ಹೊರಗಿನ ದನಿಯಾಗಿ ಕೇಳಬಹುದು. ಚಿತ್ತವಿಕಲತೆಯಲ್ಲಿ ಈ ಭಾಗದ ಕೆಲವು ಕೋಶಗಳು ಅತಿಯಾಗಿ ಉದ್ರಿಕ್ತವಾಗಿ, ಡೋಪಮಿನ್ ಎಂಬ ರಸದ ಪ್ರವಾಹವನ್ನು ಕೆಡಿಸುತ್ತವೆಂಬುದು ವಿಜ್ಞಾನಿಗಳು ಇಂದು ಮುಂದಿಟ್ಟಿರುವ ಪ್ರಬಲವಾದ ಒಂದು ವಾದ. ಕ್ಲೋರ್‌ಪ್ರೊಮಜೀನ್ ಮೊದಲಾದ ಔಷಧಗಳು ತಡೆಯುವುದೂ ಆ ಡೋಪಮಿನ್ನಿನ ಕ್ರಿಯೆಯನ್ನೇ.

ಇದು ಬರಿಯ ಊಹೆಯಲ್ಲ ಎನ್ನಲು ಆಧಾರಗಳು ಗೋವಿಂದಸ್ವಾಮಿಯವರು ೧೯೬೧ರಲ್ಲಿ ದಿವಂಗತರಾದ ಮೇಲೆ ಒಂದೊಂದಾಗಿ ದೊರೆತವು. ಜರ್ಮನಿಯ ಬರ್ನ್‌ಹಾರ್ಡ್ ಬೊಗರ್ಟ್ಸ್ ಮತ್ತು ಸಂಗಡಿಗರು ೧೯೮೫ರಲ್ಲಿ ಮೃತರೋಗಿಗಳ ಮಿದುಳುಗಳಲ್ಲಿ ಹಿಪೊಕ್ಯಾಂಪಸ್ ಕುಗ್ಗಿರುವುದನ್ನು ಅಳೆದು ತೋರಿಸಿದರು. ೧೯೯೦ರಲ್ಲಿ ಅಮೆರಿಕದಲ್ಲಿ ಹದಿನೈದು ಜೊತೆ ಸಮರೂಪಿ ಅವಳಿಗಳನ್ನು ಪರೀಕ್ಷಿಸಲಾಯಿತು. ಪ್ರತಿ ಜೊತೆಯಲ್ಲಿಯೂ ಒಬ್ಬರಿಗೆ ವ್ಯಾಧಿ, ಇನ್ನೊಬ್ಬರು ಸ್ವಸ್ಥರು. ಒಂದೇ ಗರ್ಭ, ಒಂದೇ ವಂಶಬೀಜ. ಎಡಗಡೆಯ ಹಿಪೊಕ್ಯಾಂಪಸ್ಸಿನ ಮುಂಭಾಗ ಹದಿನೈದರಲ್ಲಿ ಹದಿನಾಲ್ಕು ಜೊತೆಗಳಲ್ಲಿ ರೋಗಿಯಲ್ಲಿಯೇ ಚಿಕ್ಕದಾಗಿತ್ತು, ಬಲಗಡೆಯದು ಹದಿಮೂರರಲ್ಲಿ. ೨೦೧೬ರಲ್ಲಿ ಹಲವು ದೇಶಗಳ ೨೦೨೮ ರೋಗಿಗಳನ್ನೂ ೨೫೪೦ ಸ್ವಸ್ಥರನ್ನೂ ಹೋಲಿಸಿದಾಗ, ಮಿದುಳಿನ ಆಳದ ಭಾಗಗಳಲ್ಲಿ ಅತಿ ಹೆಚ್ಚಿನ ವ್ಯತ್ಯಾಸ ಕಂಡದ್ದು ಇದರಲ್ಲಿಯೇ. ಆದರೂ ಈ ವ್ಯತ್ಯಾಸ ಸರಾಸರಿಯದು, ಅಲ್ಪವಾದುದು. ಒಬ್ಬನ ತಲೆಯ ಚಿತ್ರವನ್ನು ಮಾತ್ರ ನೋಡಿ ಇವನು ರೋಗಿ, ಇವನಲ್ಲ ಎಂದು ಹೇಳುವುದು ಸಾಧ್ಯವಿಲ್ಲ. ಹೆರಿಗೆಯ ಹೊತ್ತಿನಲ್ಲಿ ಪ್ರಾಣವಾಯು ಸಾಲದೆ ಹೋದರೆ ಬೇಗನೆ ನಲುಗುವ ಅಂಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಅಂಥ ಹೆರಿಗೆಯಲ್ಲಿ ಜನಿಸಿದವರಿಗೆ ಮುಂದೆ ಈ ವ್ಯಾಧಿಯ ಸಂಭವ ಸ್ವಲ್ಪ ಹೆಚ್ಚೆಂದೂ ಕಂಡುಬಂದಿದೆ. ರಕ್ತದಲ್ಲಿ ಸಕ್ಕರೆ ತೀರ ಕುಸಿದಾಗಲೂ ಅದು ಹಾಗೆಯೇ ನಲುಗುತ್ತದೆ. ಹಾಗಾದರೆ ಇನ್ಸುಲಿನ್ ಮೂರ್ಛೆಯ ಚಿಕಿತ್ಸೆ, ಮೂರ್ಛೆ ನೀಳವಾದಾಗಲೆಲ್ಲ, ಕಾಪಾಡಬೇಕಾದ ಅಂಗವನ್ನೇ ಅಪಾಯಕ್ಕೆ ಒಡ್ಡಿತ್ತು. ಗೋವಿಂದಸ್ವಾಮಿಯವರಾಗಲಿ ಅವರ ಕಾಲದ ಬೇರಾವ ವೈದ್ಯರಾಗಲಿ ಇದನ್ನು ಕಾಣುವ ಸಾಧನವೇ ಅಂದು ಇರಲಿಲ್ಲ.

ಅವರು ಕಟ್ಟಿದ ಸಂಸ್ಥೆ ೧೯೭೪ರಲ್ಲಿ ಹಳೆಯ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ೧೯೯೫ರಲ್ಲಿ ಮಿದುಳುಗಳ ಭಂಡಾರವೊಂದು ಸ್ಥಾಪಿತವಾಗಿದೆ. ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾಪಿಡುತ್ತಾರೆ. ಔಷಧವನ್ನೇ ಮುಟ್ಟದ ಹೊಸ ರೋಗಿಗಳ ಹಿಪೊಕ್ಯಾಂಪಸ್ಸನ್ನು ಅಳೆಯುವ ಅಧ್ಯಯನಗಳೂ ಅಲ್ಲಿ ನಡೆದಿವೆ. ಇವುಗಳಿಗೆ ಒಂದು ವಿಶೇಷವಾದ ಬೆಲೆಯಿದೆ. ಕುಗ್ಗಿದ್ದು ವ್ಯಾಧಿಯಿಂದಲೋ ವರ್ಷಗಟ್ಟಲೆ ನುಂಗಿದ ಔಷಧದಿಂದಲೋ ಎಂಬ ಸಂಶಯ ಇಲ್ಲಿ ಬರುವಂತಿಲ್ಲ. ವರ್ಷಗಟ್ಟಲೆ ಚಿಕಿತ್ಸೆ ಕಾಣದ ರೋಗಿಗಳು ಸಿಗುವುದು ಇಂಥ ದೇಶದಲ್ಲಿಯೇ ಎಂಬುದು ಮಾತ್ರ ಹೆಮ್ಮೆಯ ವಿಷಯವಲ್ಲ.

ಈ ಸೀಮೆಗೆ ಆ ಚಿಕಿತ್ಸೆ ಬಂದ ದಾರಿ ದೀರ್ಘವಾದುದು. ಗೋವಿಂದಸ್ವಾಮಿಯವರು ಆಸ್ಪತ್ರೆಯ ಹೊಣೆ ಹೊತ್ತಾಗ ಕೊಪ್ಪಳ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಮೈಸೂರು ಸಂಸ್ಥಾನ ಪರರಾಜ್ಯ. ಹತ್ತಿರದ ಮಾನಸಿಕ ಆಸ್ಪತ್ರೆ ೧೮೪೫ರಷ್ಟು ಹಿಂದಿನ ಧಾರವಾಡದ್ದು; ಅದೂ ಮುಂಬಯಿ ಪ್ರಾಂತದಲ್ಲಿ. ೧೯೫೬ರ ಏಕೀಕರಣದಿಂದ ಮೂರೂ ಒಂದೇ ರಾಜ್ಯದೊಳಗಾದವು. ೧೯೮೫ರಲ್ಲಿ ನಿಮ್ಹಾನ್ಸಿನ ವೈದ್ಯರು ಗಂಗಾವತಿಗೆ ತುಂಗಭದ್ರೆಯ ಆಚೆಯ ನೆರೆಯಾದ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿದರು. ಆ ಬಳ್ಳಾರಿಯ ಮಾದರಿಯೇ ಬಳಿಕ ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿತು. ೧೯೯೭ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡಕೂಡದೆಂದಿದೆ. ಮಿದುಳಿನ ಶಸ್ತ್ರಕ್ರಿಯೆಗೆ ರೋಗಿಯ ಒಪ್ಪಿಗೆಯನ್ನೂ ಮಂಡಳಿಯ ಅನುಮತಿಯನ್ನೂ ಕಡ್ಡಾಯ ಮಾಡಿದೆ. ೨೦೨೨ರಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯುವ ಏರ್ಪಾಡೂ ಆಗಿದೆ.

ಈಗ ಮನೋವೈದ್ಯರ ಬಳಿ ಮಿದುಳಿನ ಒಳಗನ್ನು ತೋರಿಸುವ ಯಂತ್ರಗಳಿವೆ. ಆದರೂ ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಮಗನನ್ನು ಕರೆದುಕೊಂಡು ಬಂದ ತಾಯಿಯನ್ನು ಅವರು ಮೊದಲು ಕೇಳುವುದು ಅವನು ಹೇಗಿದ್ದ, ಎಂದಿನಿಂದ ಬದಲಾದ, ಆ ವರ್ಷ ಮನೆಯಲ್ಲಿ ಏನು ನಡೆದಿತ್ತು ಎಂದೇ. ಅವಳು ಹೇಳಿದ್ದನ್ನು ಬರೆದುಕೊಂಡ ಮೇಲೆಯೇ ಉಳಿದ ಪರೀಕ್ಷೆಗಳು.